ಎಂಟು ಪರದೆ, ಒಂದು ಸಹಿ

ಯಂತ್ರ ಕೆಡುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ನಮ್ಮ ಕೆಲಸದಲ್ಲಿ ಆ ಕಾರಣಕ್ಕೆ ಸಾಮಾನ್ಯವಾಗಿ ಎರಡು ಕಾಲು, ಹೆಗಲ ಮೇಲೊಂದು ಶಲ್ಯ ಇರುತ್ತವೆ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಾನು ಸೇರಿದ್ದು ಭಟ್ಕಳದ ಒಂದು ಸಣ್ಣ ಕಂಪನಿಗೆ. ಒಬ್ಬನೇ ಮಾಡಿದ ಮೊದಲ ಕೆಲಸ ಹೊನ್ನಾವರದ ಕಲ್ಯಾಣ ಮಂಟಪವೊಂದರಲ್ಲಿ ಮ್ಯಾಟ್ರಿಕ್ಸ್ ಸ್ವಿಚ್ ಕೂರಿಸುವುದು. ಎಂಟು ಕ್ಯಾಮೆರಾ, ಎಂಟು ಪರದೆ; ಯಾವ ಕ್ಯಾಮೆರಾದ ಚಿತ್ರವನ್ನು ಯಾವ ಪರದೆಗೆ ಬೇಕಾದರೂ ಕಳಿಸುವ ಪೆಟ್ಟಿಗೆ ಅದು. "ಕೆಲಸ ಸರಿಯಾಗಿದೆ ಅಂತ ಮಂಟಪದ ಅಧ್ಯಕ್ಷರ ಸಹಿ ತಾ, ನಿನ್ನ ನೌಕರಿ ಖಾಯಂ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊ" ಎಂದಿದ್ದರು ನಮ್ಮ ಮಾಲೀಕರು. ಕುಮಟಾದ ನನ್ನ ಮನೆಯಿಂದ ಬಸ್ಸಿನಲ್ಲಿ ಓಡಾಡಿ ಎರಡು ದಿನದಲ್ಲಿ ಕೆಲಸ ಮುಗಿಸಿದೆ. ಸಹಿಗೆ ಒಂದು ತಿಂಗಳು ಹಿಡಿಯಿತು.

೧. ಒಂಬತ್ತು

ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ವಿಳಾಸದ ಹಾಗೆ ಒಂದು ಸಂಖ್ಯೆ ಬೇಕು. ಸ್ವಿಚ್ಚಿಗೆ ಹದಿನೇಳು ಕೊಟ್ಟಿದ್ದೆ.

"ಒಂದು, ಏಳು, ಎಂಟಾತು. ಎಂಟು ನಂಗೆ ಆಗ್ತಿಲ್ಲೆ" ಎಂದರು ಅಧ್ಯಕ್ಷರು. "ನನ್ನ ಕಾರು, ಸ್ಕೂಟರು ಎಲ್ಲ ಕೂಡಿಸಿದ್ರೆ ಒಂಬತ್ತು."

ಎಂ.ಎಸ್ಸಿ. ಮಾಡಿದ ನಾನು ಬಾಯಿ ಮುಚ್ಚಿಕೊಂಡು ಹದಿನೆಂಟು ಮಾಡಿದೆ. ಸಹಿ ನಾಳೆ ಎಂದರು. ಮರುದಿನ ಹೋದರೆ ಒಂದು ಯಂತ್ರವೂ ಮಾತು ಕೇಳುತ್ತಿಲ್ಲ. ಪ್ರಿಂಟರಿಗೂ, ಕ್ಯಾಮೆರಾ ರೆಕಾರ್ಡರಿಗೂ ಅಧ್ಯಕ್ಷರು ಮಂಟಪದ ಮ್ಯಾನೇಜರ ಕೈಲಿ ಅದೇ ಹದಿನೆಂಟು ಹಾಕಿಸಿದ್ದರು.

"ಒಂದೇ ನಂಬರಿನ ಮೂರು ಮನೆ ಇದ್ರೆ ಪೋಸ್ಟ್‌ಮ್ಯಾನ್ ಯಾವ ಬಾಗಿಲು ತಟ್ಟಬೇಕು?" ಎಂದು ಕೇಳಿದೆ.

"ಒಳ್ಳೆ ನಂಬರು ಒಂದಕ್ಕೇ ಕೊಟ್ರೆ ಉಳಿದದ್ದಕ್ಕೆ ಬೇಜಾರಾಗ್ತಿಲ್ಯಾ ತಮಾ?"

೨. ಸುದ್ದಿ ಇಲ್ಲ

ಸ್ವಿಚ್ಚಿನ ಸಂಪರ್ಕ ತಪ್ಪಿದರೆ ಅಧ್ಯಕ್ಷರ ಮೊಬೈಲಿಗೆ ಸಂದೇಶ ಹೋಗುವ ಏರ್ಪಾಡು ಮಾಡಿದೆ. ಒಂದು ವಾರ ಯಾವ ಸಂದೇಶವೂ ಹೋಗಲಿಲ್ಲ.

"ನಿಂದು ಕೆಲಸ ಮಾಡ್ತಿಲ್ಲೆ" ಎಂದರು.

"ತೊಂದರೆ ಇಲ್ದಿದ್ರೆ ಸಂದೇಶ ಬರೋದಿಲ್ಲ."

"ತೊಂದರೆ ಇಲ್ಲೆ ಹೇಳಿ ನಂಗೆ ಹೇಗೆ ಗೊತ್ತಾಗ್ಬೇಕು?"

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. 'ಎಲ್ಲ ಸರಿ ಇದೆ' ಎಂದು ಗಂಟೆಗೊಂದು ಸಂದೇಶ ಹೋಗುವಂತೆ ಮಾಡಿದೆ. ಮೂರನೇ ದಿನ ಇಡಗುಂಜಿಯಿಂದ ಅಧ್ಯಕ್ಷರ ಫೋನು.

"ದೇವಸ್ಥಾನದ ಒಳಗೆ ಹೋಗುವಾಗ ಮೊಬೈಲ್ ಬಂದ್ ಮಾಡಿದ್ದೆ. ಎರಡು ಗಂಟೆ ಒಂದೂ ಸಂದೇಶ ಬಂದಿಲ್ಲೆ. ಮಂಟಪಕ್ಕೆ ಎಂತ ಆತು?"

೩. ನೇರ ಪ್ರಸಾರ

ಕಡೆಗೆ ಅಧ್ಯಕ್ಷರು ಒಂದು ಮಾತು ಕೊಟ್ಟರು: ಅವರ ಮಗಳ ಮದುವೆ ಅದೇ ಮಂಟಪದಲ್ಲಿ, ಆ ದಿನ ಪರದೆಗಳು ಕೈಕೊಡದಿದ್ದರೆ ಸಹಿ.

ಮಾಂಗಲ್ಯ ಆದ ಕೂಡಲೇ ಬಡಿಸಬೇಕು, ಅಡಿಗೆಮನೆಯಲ್ಲಿ ಕೂತು ವೇದಿಕೆ ಕಾಣಬೇಕು ಎಂದು ಅಡಿಗೆ ಭಟ್ಟರು ಕೇಳಿದ್ದರು. ಅಲ್ಲೊಂದು ಟಿವಿ, ಪಕ್ಕದಲ್ಲಿ ಬಟನ್ ಪಟ್ಟಿ ಹಾಕಿಕೊಟ್ಟಿದ್ದೆ. ಒಂದರಿಂದ ಎಂಟರವರೆಗಿನ ಅವೇ ಬಟನ್: ಮೊದಲು ಒತ್ತಿದ್ದು ಕ್ಯಾಮೆರಾ, ಆಮೇಲೆ ಒತ್ತಿದ್ದು ಪರದೆ. ಭಟ್ಟರು ಎರಡನ್ನೂ ಅದಲುಬದಲು ಒತ್ತಿದರು. ಮಾಂಗಲ್ಯಕ್ಕೆ ಇನ್ನು ಹತ್ತು ನಿಮಿಷ ಇರುವಾಗ, ವೇದಿಕೆಯ ಎರಡು ಪಕ್ಕದ ದೊಡ್ಡ ಪರದೆಗಳ ಮೇಲೆ ಊಟದ ಹಾಲ್ ಬಂತು.

ಸಾಲಾಗಿ ಬಾಳೆ ಎಲೆ. ಒಬ್ಬ ಉಪ್ಪು ಹಾಕುತ್ತಿದ್ದಾನೆ. ಇನ್ನೊಬ್ಬ ಕೋಸಂಬರಿಯ ಪಾತ್ರೆ ಹಿಡಿದು ಬರುತ್ತಿದ್ದಾನೆ.

ಮುಂದಿನ ಸಾಲಿನ ಹಿರಿಯರೊಬ್ಬರು ಚಪ್ಪಲಿ ಹುಡುಕಿದರು. ನಾನು ಓಡಿ ಸ್ವಿಚ್ಚು ಮುಟ್ಟಿ ವೇದಿಕೆಯ ಚಿತ್ರ ಹಾಕುವಷ್ಟರಲ್ಲಿ ಸಭಾಂಗಣದಲ್ಲಿ ಉಳಿದದ್ದು ಕುರ್ಚಿಗಳು, ವೀಡಿಯೋದವನು, ಮತ್ತು ಉಪವಾಸದಲ್ಲಿದ್ದ ಒಬ್ಬ ಅಜ್ಜಿ. ಅಧ್ಯಕ್ಷರು ಖಾಲಿ ಕುರ್ಚಿಗಳ ಮುಂದೆ ಮಗಳನ್ನು ಧಾರೆ ಎರೆದುಕೊಟ್ಟರು.

ನೌಕರಿ ಹೋಯಿತೆಂದು ವೈರು ಸುತ್ತುತ್ತಿದ್ದೆ. ಸಂಜೆ ಅಧ್ಯಕ್ಷರು ಬಂದು ಪಕ್ಕದಲ್ಲಿ ನಿಂತರು.

"ಇಡೀ ಹಾಲ್ ಎಷ್ಟು ಹೊತ್ತಲ್ಲಿ ಖಾಲಿ ಆತು?"

"ಎರಡು ನಿಮಿಷ ಇರಬಹುದು. ತಪ್ಪಾಯ್ತು, ಆ ಬಟನ್ ಪಟ್ಟಿ ತೆಗೆದುಹಾಕ್ತೇನೆ."

"ತೆಗೀಬೇಡ ಮಾರಾಯಾ." ನನ್ನ ಜೇಬಿನಲ್ಲಿದ್ದ ಕಾಗದ ಕಿತ್ತುಕೊಂಡು ಸಹಿ ಹಾಕಿದರು. "ಅದನ್ನ ನನ್ನ ಕುರ್ಚಿ ಹತ್ರ ಕೂರಿಸು. ಬರುವ ತಿಂಗಳು ಸದಸ್ಯರ ಸಭೆ ಇದ್ದು. ಹೊಸ ಅಧ್ಯಕ್ಷರು ಬೇಕು ಹೇಳಿ ಯಾರಾದ್ರೂ ಎದ್ದು ನಿಂತ ಕೂಡಲೇ ಒತ್ತುವುದು."