ತವರಿನ ಗಂಟನ್ನು ಗಡಿಯಲ್ಲಿ ಬಿಚ್ಚುವ ಬಗ್ಗೆ

ಗುಬ್ಬಿಕೊಪ್ಪ ಗ್ರಾಮ ಪಂಚಾಯ್ತಿ
ತಾಲೂಕು ಹಾನಗಲ್ಲ, ಜಿಲ್ಲೆ ಧಾರವಾಡ
ಹೊರಸರಕು ಶಾಖೆ (ಚಾವಡಿಯ ಹಿಂದಿನ ಕಟ್ಟೆ)

ಸಂಖ್ಯೆ: ಗುಪಂ / ಹೊರಸರಕು / ಗಂಟು / ೧೭ / ೧೯೬೧-೬೨
ದಿನಾಂಕ: ೧೫-೭-೧೯೬೧

ಸುತ್ತೋಲೆ

ವಿಷಯ: ನಾಲ್ಕು ತಾಲೂಕುಗಳ ಸಂತೆಕೂಟದಿಂದ ಈ ಊರು ಹೊರಬಿದ್ದ ತರುವಾಯ, ಹೆಣ್ಣುಮಕ್ಕಳು ತವರಿನಿಂದ ತರುವ ಬುತ್ತಿ, ಬಳೆ, ಮಣ್ಣೆತ್ತು ಹಾಗೂ ಕೂಸುಗಳನ್ನು ಊರೊಳಗೆ ಬಿಟ್ಟುಕೊಳ್ಳುವ ಕ್ರಮ.

ಉಲ್ಲೇಖ:
(೧) ದಿ. ೨-೨-೧೯೬೧ರ ಊರ ಸಭೆಯ ಠರಾವು. ಕೈ ಎತ್ತಿದವರು ೬೧, ಎತ್ತದವರು ೫೮. (ಬೆನ್ನು ತುರಿಸಿಕೊಳ್ಳಲು ಎತ್ತಿದ ಇಬ್ಬರನ್ನು ೬೧ರಲ್ಲಿ ಸೇರಿಸಲಾಗಿದೆ.)
(೨) ನಾಕಾದಾರ ಉಳಿವೆಪ್ಪ ಇವರ ದಿ. ೧೦-೭-೧೯೬೧ರ ವರದಿ. (ಮೂರನೆಯ ಸಾಲಿನ ಮೇಲೆ ಹಾಲು ಬಿದ್ದುದರಿಂದ ಓದಲು ಬರುವುದಿಲ್ಲ.)
(೩) ಸದರಿಯವರ ಅತ್ತೆ ಕರೆವ್ವ, ಸಾಕಿನ (ವಾಸ) ಹುಲಗೂರು, ಇವರ ಬಾಯಿಮಾತಿನ ತಕರಾರು. (ಅರ್ಧ ಹರದಾರಿಯವರೆಗೆ ಕೇಳಿಸಿದೆ.)

೧. ಸಮಸ್ತ ಗ್ರಾಮಸ್ಥರಿಗೆ, ಅವರ ಮನೆಗಳಿಗೆ ಬಂದ ಸೊಸೆಯಂದಿರಿಗೆ ಹಾಗೂ ಇನ್ನು ಬರಬೇಕಾದವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳು ಕೂಡಿ ಮಾಡಿಕೊಂಡ ಸಂತೆಕೂಟದಲ್ಲಿ, ಒಂದು ಸಂತೆಯಲ್ಲಿ ಸುಂಕ ಕಟ್ಟಿದ ಮಾಲು ಉಳಿದ ಊರುಗಳಲ್ಲಿ ಯಾರ ಹಂಗೂ ಇಲ್ಲದೆ ಓಡಾಡುತ್ತಿತ್ತು. ಚೇರ್ಮನ್ ಹೂವಪ್ಪನವರು ಊರ ಸಭೆಯಲ್ಲಿ ಕಟ್ಟೆಯ ಮೇಲೆ ನಿಂತು, "ನಮ್ಮೂರ ಬದನೀಕಾಯಿಗೆ ಮಂದಿ ಊರಾಗ ಕುಂತು ಯಾರ್ಯಾರೋ ಯಾಕ ಬೆಲೆ ಕಟ್ಟಬೇಕ್ರಿ? ನಮ್ಮ ಸಂತಿ ನಮ್ಮೂರಾಗ, ನಮ್ಮ ಗಡಿಗೆ ನಮ್ಮ ಗಳ!" ಎಂದು ಸಾರಿದ ಮೇರೆಗೆ ಸೀಟಿ ಬಿದ್ದು, ಕೈ ಎದ್ದು, ಊರು ಕೂಟದಿಂದ ಹೊರಬಂದಿತು. ಹುಲಗೂರಿನ ಹಾದಿಗೆ ಎರಡು ಕವಲುಗಂಬ ನೆಟ್ಟು, ಅವುಗಳ ಮೇಲೆ ಅಡ್ಡಲಾಗಿ ಒಂದು ಬಿದಿರಿನ ಗಳ ಇಟ್ಟು ಸುಂಕದ ನಾಕಾ ತೆರೆಯಲಾಯಿತು. ಒಬ್ಬನೇ ಸಿಬ್ಬಂದಿಯಾಗಿ ಉಳಿವೆಪ್ಪನವರನ್ನು ನೇಮಿಸಲಾಯಿತು.

೨. ವ್ಯಾಪಾರದ ಸ್ಥಿತಿ. ಸ್ವಂತ ಸಂತೆಯು ಪ್ರತಿ ಬುಧವಾರ ಬೇವಿನ ಗಿಡದ ಕೆಳಗೆ ಕೂಡುತ್ತಿದೆ. ಬದನೆಕಾಯಿ ಮಾರುವವರು ನಲವತ್ತು ಮಂದಿ, ಕೊಳ್ಳುವವರು ಅದೇ ನಲವತ್ತು ಮಂದಿ. ಮೊದಲ ಸಂತೆಯಲ್ಲಿ ಎಲ್ಲರೂ ಒಬ್ಬರದನ್ನೊಬ್ಬರು ಕೊಂಡು ಮನೆಗೆ ಒಯ್ದು, ತಮ್ಮದಕ್ಕಿಂತ ಹುಳುಕೆಂದು ಮೂರು ಜಗಳಗಳಾಗಿವೆ. ಉಪ್ಪು, ಬೆಲ್ಲ, ಸೂಜಿ ಇವು ಊರಲ್ಲಿ ಬೆಳೆಯುವುದಿಲ್ಲವೆಂಬುದು ಎರಡನೆಯ ವಾರ ಗಮನಕ್ಕೆ ಬಂದಿದೆ. ಇವುಗಳ ಹೊರತು ಸಂತೆಯು ಸ್ವಾವಲಂಬಿಯಾಗಿದೆ.

೩. ಠರಾವಿನ ವೇಳೆ ಯಾರ ಲಕ್ಷ್ಯಕ್ಕೂ ಬಾರದ ಇನ್ನೊಂದು ಸಂಗತಿಯೆಂದರೆ, ಊರಿನ ೧೧೮ ಸೊಸೆಯಂದಿರ ಪೈಕಿ ೯೭ ಜನರ ತವರು ಕೂಟದ ಊರುಗಳಲ್ಲಿದೆ. ತವರಿಗೆ ಹೋದವರು ಬರಿಗೈಲಿ ಬರುವ ಪದ್ಧತಿ ಇಲ್ಲ. ಆದ್ದರಿಂದ ಈ ಕೆಳಗಿನ ನಿಯಮಗಳು ಜಾರಿಯಲ್ಲಿದ್ದವು:

(ಅ) ತವರಿನ ಬುತ್ತಿಯು ಹೊರಸರಕು. ನಾಕಾದಲ್ಲಿ ಗಂಟು ಬಿಚ್ಚಿ ತೋರಿಸತಕ್ಕದ್ದು. ಹತ್ತು ಉಂಡಿಗೆ ಎರಡು ಉಂಡಿ ಸುಂಕ. ಎಳ್ಳುಂಡಿ ಗಟ್ಟಿಯಾಗಿದ್ದಲ್ಲಿ ಸೆಕ್ರೆಟರಿಯವರ ಹಲ್ಲಿನ ಸ್ಥಿತಿಯನ್ನು ಲಕ್ಷ್ಯಕ್ಕೆ ತೆಗೆದುಕೊಂಡು ಅದರ ಬದಲು ತಂಬಿಟ್ಟು ಪಡೆಯತಕ್ಕದ್ದು.

(ಆ) ಸವಣೂರಿನ ಬಳೆಗಾರ್ತಿ ಲಾಲಬಿ ಇವರು ಗಳದ ಆಚೆ ಬಳೆಗಳ ಮಲಾರ ಇಳಿಸಿ ಕೂಡ್ರುವುದು, ಊರ ಹೆಣ್ಣುಮಕ್ಕಳು ಈಚೆಯಿಂದ ಕೈ ಚಾಚಿ ಬಳೆ ಇಡಿಸಿಕೊಳ್ಳುವುದು ಕಂಡುಬಂದಿದೆ. ಕೈ ಆಚೆ ಇರುವವರೆಗೆ ತಕರಾರಿಲ್ಲ. ಹಿಂದಕ್ಕೆ ಎಳೆದುಕೊಂಡ ಕ್ಷಣ ಬಳೆ ಊರೊಳಗೆ ಬಂದಂತಾಗುವುದರಿಂದ, ಬಳೆ ಏರಿಸಿಕೊಂಡವರು ಲಿಖಿತ ಅಪ್ಪಣೆ ಸಿಗುವವರೆಗೆ ಕೈಯನ್ನು ಗಡಿಯ ಆಚೆಯೇ ಇಟ್ಟುಕೊಂಡಿರತಕ್ಕದ್ದು.

(ಇ) ಸವಣೂರಿನ ಎಲೆ ಬಾಯಲ್ಲಿಟ್ಟುಕೊಂಡು ಬರುವವರು ಆಚೆಯೇ ಉಗುಳಿ ಬರತಕ್ಕದ್ದು. ನುಂಗಿದ್ದೇನೆ ಎನ್ನುವವರು ಅರ್ಧ ತಾಸು ಬಾಯಿ ತೆರೆದು ಕೂಡ್ರತಕ್ಕದ್ದು.

(ಈ) ಹೊರಗಿನ ಕೆರೆಯ ಮಣ್ಣಿನಿಂದ ಮಾಡಿದ ಮಣ್ಣೆತ್ತುಗಳನ್ನು ಜಾನುವಾರು ಎಂದು ಎಣಿಸತಕ್ಕದ್ದು. ಹಲ್ಲು ನೋಡಿ ವಯಸ್ಸು ಬರೆಯತಕ್ಕದ್ದು. ಹಲ್ಲು ಇರದಿದ್ದಲ್ಲಿ ಮುದಿ ಎತ್ತು ಎಂದು ಬರೆಯತಕ್ಕದ್ದು.

(ಉ) ನಾಕಾದಾರರು ಯಾವ ಕಾರಣಕ್ಕೂ ಗಳವನ್ನು ಬಿಟ್ಟು ಕದಲತಕ್ಕದ್ದಲ್ಲ. ಸ್ವಂತ ನೆಂಟರಿಗೆ ರಿಯಾಯಿತಿ ತೋರಿಸಿದಲ್ಲಿ ನೌಕರಿ ಹೋಗತಕ್ಕದ್ದು.

೪. ಮೇಲಿನ (ಉ) ನಿಯಮದಿಂದ ಉದ್ಭವಿಸಿದ ಪರಿಸ್ಥಿತಿ. ನಾಕಾದಾರರ ಹೆಂಡತಿ ಶೇಖವ್ವ ಇವರು ಚೊಚ್ಚಲ ಬಾಣಂತನಕ್ಕೆ ಹುಲಗೂರಿನ ತವರಿಗೆ ಹೋಗಿದ್ದು, ನಾಕಾ ತೆರೆದ ಎಂಟನೆಯ ದಿನ ಹೆಣ್ಣು ಹೆತ್ತರು. ಸುದ್ದಿ ತಂದವನಿಗೆ ನಾಕಾದಾರರು ಬೆಲ್ಲ ಕೊಡಬೇಕೆಂದರೆ ಊರಲ್ಲಿ ಬೆಲ್ಲವಿರಲಿಲ್ಲ. ಬದನೆಕಾಯಿ ಕೊಟ್ಟು ಕಳಿಸಿದರು. ಐದು ತಿಂಗಳೂ ರಜೆ ಕೇಳಿದರು, ಐದು ತಿಂಗಳೂ ಸಿಗಲಿಲ್ಲ. ಅಷ್ಟು ಕಾಲ ಕೂಸಿನ ಮುಖ ಕಾಣದೆ, ಹುಲಗೂರಿನ ಕಡೆಯಿಂದ ಬಂದವರೆಲ್ಲರ ಚೀಲ ತಪಾಸಣೆ ಮಾಡುತ್ತ, ಕೂಸಿನ ಬಣ್ಣವೇನು, ಮೂಗು ಯಾರದು ಎಂದು ಕೇಳುತ್ತ ಕಾಲ ಕಳೆದಿದ್ದಾರೆ. ಬಂದ ಉತ್ತರಗಳು ಒಂದಕ್ಕೊಂದು ಹೊಂದಿಕೆಯಾಗಿಲ್ಲ.

೫. ದಿ. ೧೦-೭-೧೯೬೧, ಸೋಮವಾರ. ಬಾಣಂತಿಯನ್ನು ಕಳಿಸಿಕೊಡುವ ದಿನ. ನಾಕಾದಾರರು ನಸುಕಿನಲ್ಲೇ ಕ್ಷೌರ ಮಾಡಿಸಿಕೊಂಡು, ಒಗೆದ ಧೋತರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು ಗಳದ ಹಿಂದೆ ನಿಂತರು. ಬೇರೆಯವರ ಮೂರು ಗಾಡಿಗಳನ್ನು ತಮ್ಮದೆಂದು ಎದುರುಗೊಂಡರು. ನಾಲ್ಕನೆಯದು ಹುಲಗೂರಿನ ಗಾಡಿ. ಅದರಲ್ಲಿ ಶೇಖವ್ವ, ಕೂಸು, ಅತ್ತೆ ಕರೆವ್ವ ಮತ್ತು ಒಂದು ದೊಡ್ಡ ಗಂಟು. ಆಡಿದ ಮಾತುಗಳನ್ನು ಇದ್ದ ಹಾಗೆಯೇ ದಾಖಲಿಸಲಾಗಿದೆ.

ನಾಕಾದಾರರು: "ಅತ್ತಿ, ಒಂದೀಟ ಗಂಟು ಬಿಚ್ಚಿ ತೋರಸ್ರಿ. ಕಾಯ್ದೆ ಐತ್ರಿ."

ಕರೆವ್ವ: "ಕಾಯ್ದೆ ನಮಗೂ ಒಂದ ಐತ್ರಿ ಅಳೇದೇವ್ರ. ತವರಿನ ಗಂಟು ಗಂಡನ ಮನಿ ದೇವರ ಮುಂದನ ಬಿಚ್ಚೂದು. ನಡು ಹಾದ್ಯಾಗ ಬಿಚ್ಚಿ ಕೂಸಿಗೆ ಯಾರ್ಯಾರ ಕಣ್ಣು ತಾಕಿದ್ರ, ಅದಕ್ಕೂ ರಸೀದಿ ಹರದು ಕೊಡ್ತೀರೇನು?"

ಶೇಖವ್ವ ಇವರು ಗಂಡನೊಂದಿಗೆ ನೇರ ಮಾತಾಡದೆ ಕೂಸಿಗೆ ಹೇಳಿದರು: "ನೋಡವ್ವ, ಆ ಟೊಪ್ಪಿಗಿ ಇಟಗೊಂಡಾರಲ್ಲ, ಅವರ ನಿಮ್ಮಪ್ಪ. ನೀ ಗುರತ ಹಿಡಿ. ಅವರು ನಿನ್ನ ಗುರತ ಹಿಡೀಬೇಕಂದ್ರ ಮೊದಲ ಗಂಟು ಬಿಚ್ಚಬೇಕಂತ."

ಕೂಸನ್ನು ಉದ್ದೇಶಿಸಿ ಆಡಿದ ಮಾತು ನಾಕಾದಾರರಿಗೆ ಅನ್ವಯಿಸತಕ್ಕದ್ದೆಂದು ಸ್ಪಷ್ಟಪಡಿಸಲಾಗಿದೆ. ಅವರು ಗಳದ ಮೇಲಿಂದ ಕತ್ತು ಚಾಚಿ ಕೂಸಿನ ಕಿವಿ, ಮೂಗು ಹಾಗೂ ಎಡಗಾಲಿನ ಬೆರಳುಗಳನ್ನು ಪರಿಶೀಲಿಸಿದರು. ಪರಿಶೀಲನೆಗೆ ಇಪ್ಪತ್ತು ಮಿನಿಟು ಹಿಡಿಯಿತು. ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ, ಅಡ್ಡಿಯೂ ಕಾಣಿಸುವುದಿಲ್ಲ.

ಆಗ ಕರೆವ್ವ ಗಡುವು ಹಾಕಿದರು: "ಇವತ್ತ ಸೋಮವಾರ. ನಾಳೆ ಮಂಗಳವಾರ, ಹೆಣ್ಣುಮಕ್ಕಳನ್ನ ಕಳಸಂಗಿಲ್ಲ. ನಾಡಿದ್ದ ಮಣ್ಣೆತ್ತಿನ ಅಮಾಸಿ, ಕೂಸಿನ್ನ ಹಾದಿಗೆ ಹಾಕಂಗಿಲ್ಲ. ಆಮ್ಯಾಲ ಆಷಾಢ. ಹೊತ್ತ ಮುಳಗೂದ್ರಾಗ ಒಳಗ ಬಿಟ್ರ ಬಿಡ್ರಿ, ಇಲ್ಲಾಂದ್ರ ಗಾಡಿ ತಿರವತೇನಿ. ಶ್ರಾವಣದಾಗ ನೋಡೂಣು."

ಗಂಟು ಬಿಚ್ಚದೆ ಬಿಟ್ಟರೆ ನೌಕರಿ ಹೋಗುತ್ತದೆ. ಬಿಡದಿದ್ದರೆ ಹೆಂಡತಿ, ಕೂಸು ತಿರುಗಿ ಹೋಗುತ್ತಾರೆ. ನಾಕಾದಾರರು ಹೊತ್ತಿನ ಕಡೆ ಒಮ್ಮೆ, ಕೂಸಿನ ಕಡೆ ಒಮ್ಮೆ ನೋಡಿ, ಚೇರ್ಮನ್‌ರಿಗೆ ಹೇಳಿಕಳಿಸಿದರು.

೬. ಕೂಸಿನ ವರ್ಗೀಕರಣ. ಚೇರ್ಮನ್‌ರು ಬಂದವರೇ ಗಂಟಿನ ಪ್ರಶ್ನೆಯನ್ನು ಬದಿಗಿಟ್ಟು, ಹುಲಗೂರಿನಲ್ಲಿ ಹುಟ್ಟಿದ ಕೂಸೂ ಹೊರಸರಕೇ ಅಲ್ಲವೇ ಎಂಬ ಪ್ರಶ್ನೆಯನ್ನು ಎತ್ತಿದರು. ಆಚೆ ಕುಳಿತಿದ್ದ ಲಾಲಬಿ ಇವರು ಕರೆಯದಿದ್ದರೂ ಅಭಿಪ್ರಾಯ ಕೊಟ್ಟರು: "ಚೇರ್ಮನ್ ಸಾಹೇಬ್ರ, ನೂಲು ನಿಮ್ಮೂರದು, ನೇಯ್ಗಿ ಅವರೂರದು. ಸೀರಿ ಯಾರದಂತ ಹೇಳ್ರಿ?" ನಾಕಾದಾರರ ಕಿವಿ ಕೆಂಪಾದದ್ದನ್ನು ಹಾಜರಿದ್ದವರು ಕಂಡಿದ್ದಾರೆ. ಸದರಿ ವಿವರಣೆಯನ್ನು ದಾಖಲೆಗೆ ತೆಗೆದುಕೊಳ್ಳಲಾಗಿದೆ. ಮಕ್ಕಳ ಎದುರು ಓದತಕ್ಕದ್ದಲ್ಲ.

ಅಷ್ಟರಲ್ಲಿ ಗದ್ದಲ ಕೇಳಿ ಬಂದ ಚೇರ್ಮನ್‌ರ ತಾಯಿ ಅನ್ನವ್ವ ಇವರು ಕೋಲೂರಿ ನಿಂತು ಹೇಳಿದ್ದು: "ಹೂವ್ಯಾ, ನೀ ಎಲ್ಲಿ ಹುಟ್ಟೀದಿ ಗೊತ್ತೈತೇನು? ಮಾಸೂರಾಗ, ನನ್ನ ತವರಮನ್ಯಾಗ. ಐದ ತಿಂಗಳ ಕೂಸಿದ್ದಿ, ಬುಟ್ಟ್ಯಾಗ ಹೊತಗೊಂಡ ಬಂದೇನಿ. ಅವತ್ತ ಯಾರೂ ಗಳಾ ಅಡ್ಡ ಹಿಡೀಲಿಲ್ಲ. ಹಿಡದಿದ್ರ ಚಲೋ ಆಗತಿತ್ತು."

ಕೂಡಲೇ ವಿಚಾರಣೆ ಮಾಡಲಾಗಿ, ಚೊಚ್ಚಲ ಹೆರಿಗೆ ತವರಲ್ಲೇ ಆಗುವ ರೂಢಿಯ ಕಾರಣ, ಪಂಚಾಯ್ತಿಯ ಒಂಬತ್ತು ಸದಸ್ಯರ ಪೈಕಿ ಐವರು ಹೊರಸರಕು ಎಂದು ತಿಳಿದುಬಂತು. ಚೇರ್ಮನ್‌ರು ನಲವತ್ತಾರು ವರ್ಷಗಳಿಂದ ಸುಂಕ ಕಟ್ಟದೆ ಊರೊಳಗಿದ್ದಾರೆ. ಅವರನ್ನು ಆಚೆ ಕಳಿಸಬೇಕೆಂದರೆ ಕಳಿಸುವ ಆದೇಶಕ್ಕೆ ಅವರದೇ ಸಹಿ ಬೇಕು, ಮತ್ತು ಹೊರಸರಕಿನ ಸಹಿ ನಡೆಯುವುದಿಲ್ಲ. ಆದ್ದರಿಂದ ಎಲ್ಲಿಯೇ ಹುಟ್ಟಿದ ಕೂಸೂ ಊರ ಕೂಸೇ ಎಂದು ನಿಂತ ನಿಲುವಿನಲ್ಲಿ ಠರಾಯಿಸಲಾಯಿತು.

೭. ಗಂಟಿನ ಪ್ರಶ್ನೆ ಹಾಗೆಯೇ ಉಳಿಯಿತು. ಅದರ ಮೇಲೆ ಚೇರ್ಮನ್‌ರು ಪಟ್ಟು ಸಡಿಲಿಸಲಿಲ್ಲ: ಎಲ್ಲವನ್ನೂ ಬಿಟ್ಟರೆ ಕೂಟದಿಂದ ಹೊರಬಂದದ್ದಾದರೂ ಯಾಕೆ? ಗಳದ ಎದುರಿಗೇ ಬಿಚ್ಚಬೇಕು. ಹೊತ್ತು ಬೇವಿನ ಗಿಡದ ಕೆಳಗಿಳಿಯಿತು. ಕರೆವ್ವ ಎತ್ತಿನ ಹಗ್ಗಕ್ಕೆ ಕೈ ಹಾಕಿದರು. ಕೂಸು ಆ ಕ್ಷಣದಲ್ಲಿ ಟೊಪ್ಪಿಗೆಯ ಕಡೆ ನೋಡಿ ನಕ್ಕಿತು ಎಂದು ನಾಕಾದಾರರ ವರದಿ. ಹಸಿವಿಗೆ ಬಾಯಿ ತೆರೆಯಿತು ಎಂದು ಕರೆವ್ವ ಇವರ ಹೇಳಿಕೆ. ಶಾಖೆಯು ನಾಕಾದಾರರ ವರದಿಯನ್ನು ಒಪ್ಪಿದೆ.

ನಾಕಾದಾರರು ಎರಡೂ ಕೈಯಿಂದ ಗಳವನ್ನು ಕವಲುಗಂಬಗಳಿಂದ ಎತ್ತಿ ಹೆಗಲಿಗೆ ಇಟ್ಟುಕೊಂಡರು.

"ಏ ಉಳಿವ್ಯಾ, ಎಲ್ಲಿಗೆ ಹೊಂಟಿ?" ಎಂದರು ಚೇರ್ಮನ್‌ರು.

"ಗಳಾ ಬಿಟ್ಟು ಕದಲಬಾರದಂತ ಕಾಯ್ದೆ ಮಾಡೀರಿ. ನಾ ಬಿಟ್ಟಿಲ್ರಿ ಸಾಹೇಬ್ರ. ಗಳದ ಮುಂದ ಗಂಟು ಬಿಚ್ಚಬೇಕಂದ್ರಿ. ಬಿಚ್ಚಸ್ತೇನಿ. ನಮ್ಮನಿ ದೇವರ ಮುಂದ."

ಎಂದವರೇ ಮನೆಯ ಕಡೆ ನಡೆದರು. ನಾಕಾ ಮುಂದೆ, ಗಾಡಿ ಹಿಂದೆ, ಅದರ ಹಿಂದೆ ಊರು. ಗಳವು ಮನೆಗಿಂತ ಉದ್ದವಿದ್ದುದರಿಂದ ಒಂದು ತುದಿ ದೇವರ ಮಾಡದ ಎದುರು, ಇನ್ನೊಂದು ತುದಿ ಎದುರುಮನೆ ಬೀರಪ್ಪನವರ ದನದ ಗೋದಲೆಯಲ್ಲಿ ಬಂತು. ಹೊತ್ತು ಮುಳುಗುವ ಮೊದಲೇ ದೀಪ ಹಚ್ಚಿ, ಗಂಟು ಬಿಚ್ಚಿ, ಎಣಿಕೆ ಆರಂಭಿಸಲಾಯಿತು. ಏಳು ಉಂಡಿಗಳ ತರುವಾಯ ಶೇಖವ್ವ ಇವರು ಕೂಸನ್ನು ನಾಕಾದಾರರ ತೊಡೆಯ ಮೇಲಿಟ್ಟ ಪ್ರಯುಕ್ತ ಎಣಿಕೆ ನಿಂತಿದೆ. ಇಂದಿನವರೆಗೆ ಪುನಃ ಆರಂಭವಾಗಿಲ್ಲ.

೮. ಇತ್ತ ಕವಲುಗಂಬಗಳು ಬರಿದಾಗಿ ನಿಂತದ್ದರಿಂದ, ಚೇರ್ಮನ್‌ರು ಸ್ವತಃ ಗಳದ ಸ್ಥಾನದಲ್ಲಿ ಎರಡೂ ಕೈ ಚಾಚಿ ನಿಂತರು. ಲಾಲಬಿ ಇವರು ವಾಡಿಕೆಯಂತೆ ಅವರ ಮುಂಗೈಯ ಅಳತೆ ನೋಡಿ, "ಈ ಅಳತೀದು ಹಸರ ಬಳಿ ಅದಾವ್ರಿ, ಇಡ್ಲೇನು?" ಎಂದು ಕೇಳಲಾಗಿ ಚೇರ್ಮನ್‌ರು ಕೈ ಇಳಿಸಿದರು. ಆ ರಾತ್ರಿಯೇ ಬದನೆಕಾಯಿಯ ಮೂವತ್ತೆಂಟು ಬುಟ್ಟಿಗಳು ಆಚೆ ಹೋಗಿ, ಮರುದಿನ ಉಪ್ಪು, ಬೆಲ್ಲ, ಸೂಜಿಗಳು ಈಚೆ ಬಂದವು. ಊರಲ್ಲಿ ಚಹಾ ಸಿಹಿಯಾಗಿದೆ ಎಂದು ವರದಿಗಳು ಬಂದಿವೆ.

೯. ಮೇಲಿನ ಎಲ್ಲವನ್ನೂ ಪರಿಶೀಲಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಗಳವನ್ನು ನಾಕಾಕ್ಕೆ ಮರಳಿಸುವಂತೆ ಮೂರು ಸಲ ನೋಟೀಸು ಕೊಡಲಾಗಿದ್ದು, ಅದಕ್ಕೆ ಸೀರೆ ಬಿಗಿದು ಕೂಸಿನ ಜೋಳಿಗೆ ಕಟ್ಟಲಾಗಿದೆ ಎಂಬ ಉತ್ತರ ಬಂದಿದೆ. ಕೂಸು ಮಲಗಿದಾಗ ಗಳ ಬಿಚ್ಚಲು ಬರುವುದಿಲ್ಲ. ಎದ್ದಾಗ ನಾಕಾದಾರರ ಕೈ ಖಾಲಿ ಇರುವುದಿಲ್ಲ. ಕಾರಣ, ಮುಂದಿನ ಆದೇಶದವರೆಗೆ ಗಡಿಯು ತೆರೆದಿರತಕ್ಕದ್ದು.

(ಆ) ಗಳವನ್ನು ಬಿಡದೆ ಕರ್ತವ್ಯ ನಿರ್ವಹಿಸಿದ್ದಕ್ಕಾಗಿ ನಾಕಾದಾರರ ನೌಕರಿ ಮುಂದುವರಿಯತಕ್ಕದ್ದು. ಜೋಳಿಗೆ ತೂಗುವ ವೇಳೆಯನ್ನು ಹಾಜರಿ ಎಂದು ಎಣಿಸತಕ್ಕದ್ದು.

(ಇ) ಸಂತೆಕೂಟಕ್ಕೆ ಮರಳಿ ಸೇರುವ ಬಗ್ಗೆ ನಾಗರ ಪಂಚಮಿಗೆ ಮೊದಲೇ ಊರ ಸಭೆ ಕರೆಯತಕ್ಕದ್ದು. ಈ ಸಲ ಬಳೆ ಇಟ್ಟ ಕೈಗಳನ್ನೂ ಎಣಿಸತಕ್ಕದ್ದು. ಬೆನ್ನು ತುರಿಸಿಕೊಳ್ಳುವವರು ಮೊದಲೇ ತುರಿಸಿಕೊಂಡು ಬರತಕ್ಕದ್ದು.

ಚೇರ್ಮನ್‌ರ ಅಪ್ಪಣೆಯ ಮೇರೆಗೆ,
(ಅಪ್ಪಣೆ ಕೊಡುವಾಗ ಅವರ ತಾಯಿಯವರು ಬಾಗಿಲಲ್ಲಿ ನಿಂತಿದ್ದರು)

ಸಹಿ/-
ಗುತ್ತೆಪ್ಪ
ಸೆಕ್ರೆಟರಿ, ಹೊರಸರಕು ಶಾಖೆಯ ಹೆಚ್ಚುವರಿ ಕಾರ್ಯಭಾರ

ಪ್ರತಿಗಳು:
೧. ಸಂತೆಕೂಟದ ಮುಖ್ಯಸ್ಥರಿಗೆ, ವಿನಯಪೂರ್ವಕ. ಜೊತೆಗೆ ಎಳೆಯ ಬದನೆಕಾಯಿ ಒಂದು ಬುಟ್ಟಿ.
೨. ಹೊರಸರಕು ಎಂದು ಕಂಡುಬಂದ ಐವರು ಸದಸ್ಯರಿಗೆ, ಗುಟ್ಟಾಗಿ.
೩. ಕರೆವ್ವ, ಸಾಕಿನ ಹುಲಗೂರು. ಓದಿ ಹೇಳಬೇಕು, ಓದುವವರು ಸ್ವಲ್ಪ ದೂರ ನಿಂತು ಓದತಕ್ಕದ್ದು.
೪. ಬೀರಪ್ಪನವರ ಎಮ್ಮೆಗೆ, ಗೋದಲೆಯಲ್ಲಿ ಗಳದ ತುದಿ ಇರುವುದಕ್ಕೆ ಹೊಂದಿಕೊಳ್ಳುವಂತೆ ಕೋರಿ.
೫. ನಾಕಾದಾರ ಉಳಿವೆಪ್ಪ ಇವರಿಗೆ, ಮಾಹಿತಿಗಾಗಿ.
೬. ಶೇಖವ್ವ ಇವರಿಗೆ, ಕೂಸಿನ ಮುಖಾಂತರ.
೭. ಕೂಸಿಗೆ, ನಿದ್ದೆಯಿಂದ ಎದ್ದ ಮೇಲೆ. ಪ್ರತಿ ಮುಟ್ಟಿಸುವ ನೆಪದಲ್ಲಿ ಎಬ್ಬಿಸತಕ್ಕದ್ದಲ್ಲ.