ತಿರುಪಿಗೆ ಅಂಟು, ಹುಡುಗಿಗೆ ಬೈಗುಳ

ಕಲಬುರಗಿಯ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲಿನ ತಿರುಪಿಗೆ ಅಂಟು ಹಾಕಿದರು, ಗುರಿ ತಪ್ಪಿದ್ದಕ್ಕೆ ಹುಡುಗಿಯ ಕೈಯನ್ನು ಬೈದರು. ಇದು ಅನ್ಯಾಯ, ಬೇರೆ ಮಾತಿಲ್ಲ. ಆದರೆ ನಮ್ಮ ಕಡೆ ಅನ್ಯಾಯವೂ ನೆಟ್ಟಗೆ ಬರುವುದಿಲ್ಲ. ಬೈಯಲು ಬಾಯಿ ತೆರೆದರೆ ಮೊದಲು ನಗು ಹೊರಬೀಳುತ್ತದೆ.

ಕ್ಲಬ್ ಎಂದರೆ ಶರಣಸಿರಸಗಿ ದಾರಿಯ ಒಂದು ತಗಡಿನ ಶೆಡ್ಡು, ಎಲ್ಲರಿಗೂ ಸೇರಿ ಒಂದೇ ಏರ್ ಪಿಸ್ತೂಲು, ಅದನ್ನು ಕಾಯಲು ಒಬ್ಬ ಕಾರ್ಯದರ್ಶಿ. ಹುಡುಗಿ ಕಮಲಾಪುರದವಳು, ಬಸ್ಸಿನಲ್ಲಿ ಓಡಾಡಿ ಡಿಗ್ರಿ ಓದುತ್ತಾಳೆ. ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಮನೆಯವರು ಆಡಲು ಬಿಡುತ್ತಾರೆ. ಇಲ್ಲವೆಂದರೆ ಪಿಸ್ತೂಲು ಮುಟ್ಟುವಂತಿಲ್ಲ.

ವಿಭೂತಿ

ಖಂಡೆ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಕಾರ್ಯದರ್ಶಿಗಳು ಪಿಸ್ತೂಲಿಗೆ ಪೂಜೆ ಮಾಡಿದರು. ಪಿಸ್ತೂಲಿನ ಹಿಂದಿನ ಸೈಟ್ ಎಂದರೆ ಗುರಿ ನೋಡುವ ಸೀಳಿರುವ ಪಟ್ಟಿ. ಸರಿಯಾಗಿ ಅದರ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದರು. ಸೀಳು ಮುಚ್ಚಿಹೋಯಿತು. ಮರುದಿನ ಹುಡುಗಿ ಪಿಸ್ತೂಲು ಎತ್ತಿದಳು.

"ಸರ್, ಸಂದಿ ಕಾಣವಲ್ದು ರೀ."

"ಭಕ್ತಿಲೆ ನೋಡವ್ವಾ, ಕಾಣ್ತದ!"

ಹಿಂದಿನ ಸೈಟ್

ಕೊನೆಗೆ ವಿಭೂತಿಯನ್ನು ಗಸಗಸ ತಿಕ್ಕಿ ಒರೆಸಿದವರೂ ಅವರೇ. ಆ ತಿಕ್ಕಾಟದಲ್ಲಿ ಸೈಟಿನ ತಿರುಪು ತಿರುಗಿಬಿಟ್ಟಿತು. ಅಂದಿನಿಂದ ಯಾರು ಹೊಡೆದರೂ ಗುಂಡು ಎಡಕ್ಕೆ. ಹುಡುಗಿಯ ಗುಂಡುಗಳಂತೂ ಬಾಳೆಗೊನೆಯ ಹಾಗೆ ಒತ್ತೊತ್ತಾಗಿ, ಎಲ್ಲವೂ ಎಡಕ್ಕೆ. ಹೀಗೆ ಒಂದೇ ಕಡೆ ಒತ್ತಾಗಿ ಬಿದ್ದರೆ ಕೈ ಗಟ್ಟಿಯಿದೆ, ಸೈಟ್ ಸರಿದಿದೆ ಎಂದರ್ಥ. ಹಿಂದಿನ ಸೈಟನ್ನು ಬಲಕ್ಕೆ ಸರಿಸಿದರೆ ಗುಂಡೂ ಬಲಕ್ಕೆ ಬರುತ್ತದೆ. ಕ್ಲಬ್ಬಿನ ಹಳಬನಾದ ನನಗೆ ಇದನ್ನು ಯಾರೂ ಕಲಿಸಲಿಲ್ಲ, ತಪ್ಪಿ ತಪ್ಪಿ ಕಲಿತೆ.

ಚಹಾದಂಗಡಿಯಲ್ಲಿ ಹುಡುಗಿಗೆ ಅದನ್ನೇ ಹೇಳುತ್ತಿದ್ದೆ. "ತಂಗಿ, ಮುಂದಿನ ಸೈಟ್ ಮುಟ್ಟಬ್ಯಾಡ. ಹಿಂದಿನ ಸೈಟ್ ಒಂದೀಟು ಬಲಕ್ಕ ಸರಿಸೋಣ. ಯಾರಿಗೂ ಕೇಳೋದು ಬ್ಯಾಡ."

ಪಕ್ಕದ ಬೆಂಚಿನಲ್ಲಿದ್ದ ಲೇಔಟ್ ಏಜೆಂಟ್ ಚಹಾದ ಬಸಿ ಕೆಳಗಿಟ್ಟು ಎದ್ದು ನಿಂತ.

"ಏ ಕಾಕಾ! ಹಿಂದಿನ ಸೈಟ್ ನಂದದ. ಒಂದ್ ಇಂಚ್ ಸರಿಸಿ ನೋಡ್ರಿ, ಕೋರ್ಟಿಗಿ ಎಳಿತೀನಿ!"

"ತಮ್ಮಾ, ನಾ ಹೇಳ್ಲತ್ತಿದ್ದು ಪಿಸ್ತೂಲಿಂದು."

"ಪಿಸ್ತೂಲೂ ತಂದೀರೇನು?" ಎಂದವನು ಚಹಾ ಅಲ್ಲೇ ಬಿಟ್ಟು ಬೈಕ್ ಹತ್ತಿದ.

ಅಂಟು

ಶೆಡ್ಡಿಗೆ ಬಂದು ತಿರುಗಿಸಿದರೆ ತಿರುಪು ಅಲುಗಲಿಲ್ಲ.

"ನಾನೇ ಅಂಟ ಹಾಕೀನಿ," ಎಂದರು ಕಾರ್ಯದರ್ಶಿ. "ಯಾರೂ ಕೆಡಿಸಬಾರದಂತ."

"ಮೊದಲೇ ಕೆಟ್ಟದಲ್ರೀ?" ಎಂದೆ.

"ಹಾಂ. ಇನ್ನ ಮ್ಯಾಲ ಕೆಡಲ್ಲ!"

ಉಗುರು ಬಣ್ಣ

ಆಯ್ಕೆಗೆ ಎರಡೇ ದಿನ ಉಳಿದಾಗ ಕಾರ್ಯದರ್ಶಿಗಳು, ಗುಂಡು ಎಡಕ್ಕೇ ಬೀಳುತ್ತದೆಂದು, ಪಟ್ಟಿಯಿಂದ ಹುಡುಗಿಯ ಹೆಸರು ಹೊಡೆದುಹಾಕಲು ಹೊರಟರು. ಅವಳ ಕೈಯನ್ನೇ ದಿಟ್ಟಿಸಿ ನೋಡಿ ಕಾರಣ ಹುಡುಕಿದರು.

"ಉಗುರಿಗಿ ಬಣ್ಣ ಹಚ್ಚಿದ್ರ ಗುರಿ ಹ್ಯಾಂಗ ಹತ್ತತದ? ಈಗಿಂದೀಗ ತೆಗಿ!"

ನನಗೆ ಮೈ ಉರಿಯಿತು. "ಬಣ್ಣ ಗುಂಡಿಗಿ ಕಾಣ್ತದೇನ್ರಿ?" ಎಂದು ಕೂಗಿದೆ. ಹುಡುಗಿ ಪಕ್ಕದ ಅಂಗಡಿಯಿಂದ ಬಣ್ಣ ತೆಗೆಯುವ ಬಾಟಲಿ ತಂದು, ಖಾಲಿ ಪಿಸ್ತೂಲು ಇಟ್ಟಿದ್ದ ಮೇಜಿನ ಬಳಿ ಕುಳಿತು ಉಗುರು ಒರೆಸತೊಡಗಿದಳು. ಕಾರ್ಯದರ್ಶಿಗಳು ಶಿಸ್ತಿನ ಬಗ್ಗೆ ಕೈ ಬೀಸಿ ಭಾಷಣ ಶುರು ಮಾಡಿದರು. ಬೀಸಿದ ಕೈ ಬಾಟಲಿಗೆ ತಾಗಿತು. ಬಾಟಲಿ ಉರುಳಿ, ಬಣ್ಣ ಕರಗಿಸುವ ದ್ರವವೆಲ್ಲ ನೇರವಾಗಿ ಸೈಟಿನ ಮೇಲೆ ಚೆಲ್ಲಿತು.

ಒರೆಸಲು ಹೋದ ಹುಡುಗಿಯ ಹತ್ತಿಗೆ ಅಂಟೂ ಬಣ್ಣದ ಹಾಗೆ ಮೆತ್ತಗಾಗಿ ಎದ್ದು ಬಂತು. ಅವಳು ನನ್ನ ಮುಖ ನೋಡಿದಳು. ಸ್ಕ್ರೂಡ್ರೈವರ್ ಕೊಟ್ಟೆ. ತಿರುಪು ಟಿಕ್ ಟಿಕ್ ಎಂದು ತಿರುಗಿತು. ಸೈಟನ್ನು ಬಲಕ್ಕೆ ಸರಿಸಿ ಹೊಡೆದಳು. ಆ ಬಾಳೆಗೊನೆ ಹಾಗೇ ಎದ್ದು ಬಂದು ನಡು ಚುಕ್ಕೆಯಲ್ಲಿ ಕುಳಿತಿತು.

ಕಾರ್ಯದರ್ಶಿಗಳು ಎದೆಯುಬ್ಬಿಸಿ ಎಲ್ಲರ ಕಡೆ ತಿರುಗಿದರು.

"ನೋಡಿದ್ರಿಲ್ಲ? ಬಣ್ಣ ತೆಗದಳು, ಗುರಿ ಹತ್ತಿತು!"

ಹುಡುಗಿ ಜಿಲ್ಲಾ ತಂಡದಲ್ಲಿದ್ದಾಳೆ. ಈಗ ಕಮಲಾಪುರದ ಬಸ್ಸಿನಿಂದ ಇನ್ನಿಬ್ಬರು ಹುಡುಗಿಯರು ಅವಳ ಜೊತೆ ಇಳಿಯುತ್ತಾರೆ. ಆದರೆ ಇಂಥ ಶೆಡ್ಡು ನಮ್ಮದೊಂದೇ ಅಲ್ಲ. ನಿಮ್ಮ ಮಗಳು ಆಡುವ ಕಡೆಗೆ ನಾಳೆಯೇ ಹೋಗಿ. ಅವಳ ಕೈ ಬೈಯುವವರ ಎದುರು ನಿಂತು, ಮೊದಲು ಸೈಟಿನ ತಿರುಪು ತಿರುಗಿಸಿ ತೋರಿಸಲು ಹೇಳಿ. ತೋರಿಸುವ ತನಕ ಅಲ್ಲಿಂದ ಕದಲಬೇಡಿ.