ವಜ್ರಕ್ಕೆ ಬಿದ್ದ ಉಗ್ರಾಣದ ಮೊಹರು

ಎಲ್ಲಕ್ಕೂ ಕಾರಣ ಒಂದು ಪುಟ್ಟ ಭೂತಗನ್ನಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ರತ್ನಪಡಿ ವ್ಯಾಪಾರಿಗಳು ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಅದು ಕೈಗೆ ಬಂದಂದಿನಿಂದ ಹೈದರಾಬಾದಿನ ನಾರಾಯಣಗೂಡದ ಪ್ರಾಣೇಶ ಕಂಡದ್ದನ್ನೆಲ್ಲ ಅದರಲ್ಲಿಟ್ಟು ನೋಡಿದ. ಉಪ್ಪಿನ ಹರಳು ನೋಡಿದ, ಹೆಂಡತಿಯ ಬಳೆ ನೋಡಿದ, ಹಾಲಿನವನು ಕೊಟ್ಟ ಚಿಲ್ಲರೆ ನೋಡಿದ. ಎಲ್ಲದರಲ್ಲೂ ಏನಾದರೊಂದು ದೋಷ ಸಿಕ್ಕಿತು. ಅವನಿಗೆ ತುಂಬ ಸಂತೋಷವಾಯಿತು.

ದೋಷ ಹುಡುಕುವುದೇ ಅವನ ನೌಕರಿ. ಇಪ್ಪತ್ತಾರು ವರ್ಷದಿಂದ ಸರ್ಕಾರಿ ಉಗ್ರಾಣವೊಂದರಲ್ಲಿ ಅಕ್ಕಿಯ ಗುಣಮಟ್ಟ ಪರೀಕ್ಷಿಸುತ್ತಿದ್ದ. ನುಚ್ಚೆಷ್ಟು, ಬಣ್ಣಗೆಟ್ಟ ಕಾಳೆಷ್ಟು ಎಂದು ಲೆಕ್ಕ ಹಾಕಿ, ಕಡೆಗೆ ಅಂಗೈಯಲ್ಲಿ ಒಂದು ಕಾಳು ಉರುಳಿಸಿ, ಬಾಯಿಗೆಸೆದು ಕಡಿಯುತ್ತಿದ್ದ. 'ಕಟ್' ಎಂದರೆ ಒಣಗಿದೆ, ಮೆತ್ತಗಿದ್ದರೆ ತೇವವಿದೆ. ತೇವ ಅಳೆಯುವ ಯಂತ್ರ ಬಂದು ಹತ್ತು ವರ್ಷವಾಗಿದ್ದರೂ ಅವನು ನಂಬಿದ್ದು ತನ್ನ ಹಲ್ಲನ್ನೇ. ಅವನ ಮೊಹರು ಬಿದ್ದ ಚೀಲ ಎಂದೂ ವಾಪಸು ಬಂದದ್ದಿಲ್ಲ ಎಂದು ಸಾಹೇಬರೇ ಹೇಳಿದ್ದರು. ಆ ಮಾತನ್ನು ಅವನು ಮನೆಗೆ ಬಂದವರಿಗೆಲ್ಲ ಚಹದ ಜೊತೆ ಕೊಡುತ್ತಿದ್ದ.

ಹೆಂಡತಿ ಸುಹಾಸಿನಿಗೆ ವಜ್ರದ ಮೂಗುಬಟ್ಟು ಹಾಕಿಸುತ್ತೇನೆಂದು ಮದುವೆಯಲ್ಲಿ ಮಾತು ಕೊಟ್ಟಿದ್ದ. ಇಪ್ಪತ್ನಾಲ್ಕು ವರ್ಷದ ಮೇಲೆ ಸಂಬಳದ ಹಳೇ ಬಾಕಿ ಒಟ್ಟಿಗೆ ಬಂದಾಗ ಅದಕ್ಕೆ ಯೋಗ ಕೂಡಿತು. ಆದರೆ ಪರೀಕ್ಷೆ ಮಾಡದೆ ಕೊಳ್ಳುವ ಜಾತಿಯವನಲ್ಲ ಅವನು. ಹೈಟೆಕ್ ಸಿಟಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಓಣಿಗೆ ನಾಲ್ಕು ಇಂಟರ್‌ನೆಟ್ ಅಂಗಡಿ. ಕಂಪ್ಯೂಟರ್ ಕೋರ್ಸಿನ ಹುಡುಗರ ನಡುವೆ ಕೂತು ವಜ್ರದ ದರ್ಜೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕಿಸಿ ತಂದ. ಒಂದು ತಿಂಗಳು ಬಿಡದೆ ಓದಿದ. ಈ ಭಾನುವಾರ ಸಂಜೆ ಐದಕ್ಕೆ ಸುಲ್ತಾನ್ ಬಜಾರಿಗೆ ಹೋಗಿ ಕಲ್ಲು ತರುವುದೆಂದು ನಿಶ್ಚಯವಾಗಿತ್ತು. ಸುಹಾಸಿನಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಮೂಗಿನ ಹಳೆಯ ಮುತ್ತನ್ನು ತೆಗೆದಿಟ್ಟು, ಗಂಟೆಗೊಮ್ಮೆ ಗಡಿಯಾರ ನೋಡುತ್ತಿದ್ದಳು.

ಹತ್ತು ಗಂಟೆಗೆ ಮೂರನೇ ಮಹಡಿಯ ಕುಮುದಾಬಾಯಿ ಕೈಯಲ್ಲೊಂದು ಕಾಗದದ ಪೊಟ್ಟಣ ಹಿಡಿದು ಬಂದರು. ಹಿಂದೆ ಮಗ ಅಕ್ಷಯ. ಅವನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕರೆ ಬಾದಾಮಿಯ ಬನಶಂಕರಿಗೆ ವಜ್ರದ ಮೂಗುಬಟ್ಟು ಮಾಡಿಸುತ್ತೇನೆಂದು ತಾಯಿ ಹರಕೆ ಹೊತ್ತಿದ್ದರು. ಕೆಲಸ ಸಿಕ್ಕಿತ್ತು, ಬೋನಸ್ಸೂ ಬಂದಿತ್ತು. ಆಫೀಸಿನ ಗೆಳೆಯನೊಬ್ಬನ ಮೂಲಕ ಅಕ್ಷಯ ಕಲ್ಲು ತರಿಸಿದ್ದ.

"ಪ್ರಾಣೇಶರಾಯರ, ನಿಮಗ ವಜ್ರದ್ದೆಲ್ಲಾ ಗೊತ್ತದ ಅಂತ ಬಿಲ್ಡಿಂಗ್ ತುಂಬ ಮಾತು. ಇದೊಂಚೂರು ನೋಡಿ ಹೇಳ್ರಿ. ನಾಳೆ ಮುಂಜಾನೆ ಗಾಡಿಗೆ ನಾವು ಬಾದಾಮಿಗೆ ಹೊರಡೋರು."

ಪ್ರಾಣೇಶ ಶರ್ಟು ಹಾಕಿಕೊಂಡ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿದ. ಅಷ್ಟರಲ್ಲಿ ಕೆಳಮನೆಯ ಹಣಮಂತರಾಯರೂ ಹಾಜರಾದರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಅವರು ಈಗ ಯಾರ ಮನೆಯಲ್ಲಿ ಏನೇ ನಡೆದರೂ ತೀರ್ಪು ಕೊಡುತ್ತಿದ್ದರು.

"ನಾಕು ಗುಣ ನೋಡಬೇಕ್ರಿ," ಎಂದ ಪ್ರಾಣೇಶ. "ಹೆಂಗ ಕಡದಾರ, ಬಣ್ಣ ಹೆಂಗದ, ಒಳಗ ಎಷ್ಟು ಸ್ವಚ್ಛ ಅದ, ತೂಕ ಎಷ್ಟು. ಬಣ್ಣಕ್ಕ ಡಿ ಅಕ್ಷರದಿಂದ ಝಡ್ ತನಕಾ ಗ್ರೇಡು. ಡಿ ಅಂದ್ರ ನೀರಿನಂಗ. ಕೆಳಗ ಇಳದಂಗ ಹಳದಿ ಆಗ್ತದ."

"ಎ, ಬಿ, ಸಿ ಎಲ್ಲಿ ಹೋದ್ವು?" ಎಂದರು ಹಣಮಂತರಾಯರು.

"ಅವು ಇಲ್ಲರಿ."

"ಅದ್ಹೆಂಗ ಇಲ್ಲ? ಚೊಲೋವು ಮೂರೂ ಅಂಗಡಿಯವರ ಇಟ್ಟುಕೊಂಡಿರಬೇಕು."

ಪ್ರಾಣೇಶ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡ. ಚಿಮಟದಲ್ಲಿ ಕಲ್ಲು ಹಿಡಿದು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ, ಹಳದಿಯ ಸುಳಿವಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ದೋಷವೇ ಇಲ್ಲದ ಮಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಆದರೂ ಪೂರ್ತಿ ಅಂಕ ಕೊಡುವುದು ಪರೀಕ್ಷಕನಿಗೆ ಶೋಭೆಯಲ್ಲವೆಂದು ಒಂದೆರಡು ಮೆಟ್ಟಿಲು ಇಳಿಸಿ ಹೇಳಿದ:

"ಇ ಕಲರ್. ವಿವಿಎಸ್ ಒನ್. ಅಂದ್ರ ದೋಷ ಇದ್ರೂ ಈ ಗಾಜಿನಾಗೂ ಕಾಣೋದು ಕಠಿಣ. ಕಾಲು ಕ್ಯಾರಟ್. ಇಂಥಾ ಕಲ್ಲು ಸಿಗೋದಿಲ್ಲರಿ ಕುಮುದಾಬಾಯಿ."

ಕುಮುದಾಬಾಯಿಯ ಕಣ್ಣಲ್ಲಿ ನೀರು ಬಂತು. ಮಗನ ಬೆನ್ನು ಸವರಿದರು. "ಅದನ್ನ ಬರದು ಕೊಡ್ರಿ. ಗುಡಿಯೊಳಗ ತೋರಸಬೇಕು."

ಪ್ರಾಣೇಶ ದುಂಡು ಅಕ್ಷರದಲ್ಲಿ ಬರೆದ, ಸಹಿ ಹಾಕಿದ. ಸಾಲದ್ದಕ್ಕೆ ಬ್ಯಾಗಿನಿಂದ ಉಗ್ರಾಣದ ಮೊಹರು ತೆಗೆದು 'ಪರೀಕ್ಷಿಸಿದೆ, ಉತ್ತಮ ದರ್ಜೆ' ಎಂದು ಠಸ್ಸೆ ಒತ್ತಿದ. ಬದುಕಿನಲ್ಲಿ ಅಷ್ಟು ದೊಡ್ಡ ಮನುಷ್ಯನಾಗಿ ಅವನು ಎಂದೂ ಕೂತಿರಲಿಲ್ಲ. ಕಲ್ಲನ್ನು ವಾಪಸು ಕೊಡಲೆಂದು ಅಂಗೈ ಮೇಲೆ ಇಟ್ಟುಕೊಂಡ. ಅಂಗೈಗೆ ತನ್ನದೇ ಅಭ್ಯಾಸವಿತ್ತು. ಅದು ಕಲ್ಲನ್ನೊಮ್ಮೆ ಉರುಳಿಸಿ, ಮಾಲಿಕನನ್ನು ಕೇಳದೆ, ಬಾಯಿಗೆ ಎಸೆಯಿತು. ಅದೇ ಗಳಿಗೆಗೆ ಹಣಮಂತರಾಯರು "ಶಾಬಾಸ್ ಪ್ರಾಣೇಶ" ಎಂದು ಬೆನ್ನಿಗೊಂದು ಬಲವಾಗಿ ತಟ್ಟಿದರು.

ಗುಳುಕ್ ಎಂದಿತು.

ಎಲ್ಲರೂ ಪ್ರಾಣೇಶನ ಬಾಯೊಳಗೆ ಇಣುಕಿದರು. ಆಮೇಲೆ ಎಲ್ಲರೂ ಮಾತಾಡಿದರು.

"ವಜ್ರ ನುಂಗಿದವರು ಉಳಿಯಂಗಿಲ್ಲ," ಎಂದು ಹಣಮಂತರಾಯರು ತೀರ್ಪು ಕೊಟ್ಟರು. "ಹಿಂದ ಸೋತ ರಾಜರು ಉಂಗುರದ ವಜ್ರಾನೇ ನುಂಗತಿದ್ರು."

"ಅವರು ಪುಡಿ ಮಾಡಿ ನುಂಗತಿದ್ರು. ಇದು ಇಡೀದದ," ಎಂದ ಪ್ರಾಣೇಶ. ಅಂಥ ಹೊತ್ತಿನಲ್ಲೂ ತಪ್ಪು ಮಾಹಿತಿಯನ್ನು ಅವನಿಗೆ ಸಹಿಸಲಾಗಲಿಲ್ಲ.

ಗದ್ದಲ ಕೇಳಿ ವಾಚ್‌ಮನ್ನನ ಹೆಂಡತಿ, ಯಾದಗಿರಿ ಕಡೆಯ ಬಂಡೆಮ್ಮ ಮೇಲೆ ಬಂದಳು. "ಬಾಳಿಹಣ್ಣು ತಿನ್ನಸ್ರಿ. ನಮ್ಮ ಹುಡುಗ ನಾಣ್ಯ ನುಂಗಿದಾಗ ಅದರಲಿಂದನ ಬಂತು. ಏನೂ ಆಗಾಂಗಿಲ್ರಿ, ಹೊಟ್ಟಿ ಐತಲ್ಲ, ಎಲ್ಲಾ ನಡಸ್ತೈತಿ."

ಎಂಟು ಬಾಳೆಹಣ್ಣು ತಿನ್ನಿಸಿ, ಎರಡು ಆಟೋ ಮಾಡಿ, ಎಲ್ಲರೂ ಹತ್ತಿರದ ನರ್ಸಿಂಗ್ ಹೋಮಿಗೆ ಹೊರಟರು. ಸುಹಾಸಿನಿ ದಾರಿಯುದ್ದಕ್ಕೂ ಗಂಡನ ಕೈ ಬಿಡಲಿಲ್ಲ. ಸಂಜೆಯ ಅಂಗಡಿಯ ಮಾತು ಅವಳ ಬಾಯಲ್ಲಿ ಬರಲಿಲ್ಲ.

"ಏಮಯಿಂದಿ?" ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಏನಾಯಿತೆಂದು ಕೇಳಿದರು.

"ಡೈಮಂಡ್ ಮಿಂಗೇಶಾರು," ಎಂದು ವಜ್ರ ನುಂಗಿದ್ದನ್ನು ಸುಹಾಸಿನಿ ಅಳು ತಡೆದುಕೊಂಡು ತೆಲುಗಿನಲ್ಲೇ ಹೇಳಿದಳು.

ಡಾಕ್ಟರಮ್ಮ ಮಾಸಿದ ಶರ್ಟಿನ ಪ್ರಾಣೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಡೈಮಂಡಾ?"

"ಇ ಕಲರ್, ವಿವಿಎಸ್ ಒನ್," ಎಂದ ಪ್ರಾಣೇಶ ಮಲಗಿದಲ್ಲಿಂದಲೇ.

ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಎಲ್ಲರೂ ಒಟ್ಟಿಗೆ ಬಗ್ಗಿದರು. ಪ್ರಾಣೇಶನ ಹೊಟ್ಟೆಯ ಬೂದು ಮಬ್ಬಿನ ನಡುವೆ ಬೆಳ್ಳಗೆ, ನಿಚ್ಚಳವಾಗಿ, ಕಲ್ಲು ಕಂಡಿತು. ಮೂಲೆಗಳು ಕೂಡ ಎಣಿಸುವಂತಿದ್ದವು. "ಅಗೋ, ಹೆಂಗ ಹೊಳೀತದ," ಎಂದರು ಹಣಮಂತರಾಯರು. ಏನೂ ಅಪಾಯವಿಲ್ಲ, ಎರಡು ದಿನದಲ್ಲಿ ತಾನೇ ಹೊರಗೆ ಬರುತ್ತದೆ ಎಂದು ಹೇಳಿ ಡಾಕ್ಟರಮ್ಮ ಮುಂದಿನ ರೋಗಿಯ ಕಡೆ ತಿರುಗಿದರು. ಎಲ್ಲರಿಗೂ ಹೋದ ಜೀವ ಬಂತು.

ಪ್ರಾಣೇಶನಿಗೆ ಮಾತ್ರ ಬಂದ ಜೀವ ಹೋಯಿತು. ಅವನು ತಂದ ಹಾಳೆಗಳಲ್ಲಿ ಒಂದು ಕಡೆ ಸ್ಪಷ್ಟವಾಗಿ ಬರೆದಿತ್ತು: ನಿಜವಾದ ವಜ್ರವೆಂದರೆ ಬರೀ ಇಂಗಾಲ, ಎಕ್ಸ್‌ರೇ ಅದರೊಳಗೆ ಸಲೀಸಾಗಿ ತೂರಿಹೋಗುತ್ತದೆ, ನೆರಳು ಬಿದ್ದರೂ ಬಿದ್ದಂತಲ್ಲ. ಬೆಳ್ಳಗೆ ಎದ್ದು ಕಂಡರೆ ಅದು ನಕಲಿ. ಅಂದರೆ ಅವನು ಇ ಕಲರ್, ವಿವಿಎಸ್ ಒನ್ ಎಂದು ಸಹಿ ಹಾಕಿದ್ದು ಕಾರ್ಖಾನೆಯಲ್ಲಿ ಬೇಯಿಸಿದ ಹರಳಿಗೆ.

ಆಗ ಕುಮುದಾಬಾಯಿ ಸೆರಗು ಸರಿಮಾಡಿಕೊಂಡರು. "ಹೊರಗ ಬಂದ್ರೂ ನಾ ಅದನ್ನೇನು ಮಾಡ್ಲಿ? ಬಾಯಿಗೆ ಹಾಕಿದ ಕೂಡಲೇ ಎಂಜಲಾತು. ಮುಂದಿನ ಹಾದಿ ನಾ ಹೇಳೂದಿಲ್ಲ. ತಾಯಿ ಮೂಗಿಗೆ ಅದನ್ನ ಏರಸ್ಲಿಕ್ಕೆ ಆಗ್ತದೇನು?"

"ಆಗೂದಿಲ್ಲ," ಎಂದರು ಹಣಮಂತರಾಯರು. "ದೇವರ ವಸ್ತು. ಎಂಜಲು ಮಾಡಿದವರೇ ಬ್ಯಾರೆ ಕೊಡಬೇಕು. ಅದೇ ದರ್ಜೆದು."

ಕುಮುದಾಬಾಯಿ ಚೀಟಿ ಬಿಚ್ಚಿ ಮೊಹರಿನ ಮೇಲೆ ಬೆರಳಿಟ್ಟರು. "ಎಲ್ಲಾ ಇವರೇ ಬರದಾರ. ಇದರಂಗ ಇದ್ರ ಸಾಕು."

ಪ್ರಾಣೇಶ ಬಾಯಿ ತೆರೆದ. 'ಅದು ನಕಲಿ' ಎಂಬ ಎರಡು ಪದ ಸಾಕಿತ್ತು. ಎದುರಿಗೆ ಮೊದಲ ಬೋನಸ್ಸನ್ನೆಲ್ಲ ಸುರಿದ ಅಕ್ಷಯ ನಿಂತಿದ್ದ. ಅವನ ಪಕ್ಕದಲ್ಲಿ ಇಡೀ ಕಟ್ಟಡದ ಬಾಯಿಯಾದ ಹಣಮಂತರಾಯರು. ಕುಮುದಾಬಾಯಿಯ ಕೈಯಲ್ಲಿ ಇಪ್ಪತ್ತಾರು ವರ್ಷ ವಾಪಸು ಬಾರದ ಮೊಹರು. ಪ್ರಾಣೇಶ ಎದ್ದು ಕೂತು, ಕಾಲರ್ ಸರಿಮಾಡಿಕೊಂಡು, ತಲೆ ಎತ್ತಿ ಹೇಳಿದ: "ಕೊಡಸ್ತೀನ್ರಿ. ಸಂಜಿ ಒಳಗ."

ಸುಹಾಸಿನಿ ಎಕ್ಸ್‌ರೇ ಫಿಲ್ಮನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಸಂಜೆ ಐದಕ್ಕೆ ಗಂಡಹೆಂಡಿರು ನಿಶ್ಚಯವಾದಂತೆ ಸುಲ್ತಾನ್ ಬಜಾರಿಗೇ ಹೋದರು. ಈ ಸಲ ಪ್ರಾಣೇಶ ಪ್ರಯೋಗಾಲಯದ ಪತ್ರವಿಲ್ಲದ ಕಲ್ಲು ಮುಟ್ಟಲಿಲ್ಲ. ಹನ್ನೊಂದು ಕಲ್ಲು ನೋಡಿ ಒಂದನ್ನು ಆರಿಸಿದ. ಅಂಗಡಿಯ ಮುದುಕ ಸೇಟು ಕನ್ನಡಕದ ಮೇಲಿಂದ ನೋಡಿ, "ಆಪ್ ಧಂಧೇವಾಲೇ ಹೈಂ ಕ್ಯಾ?" ಎಂದು ಕೇಳಿದ, ಈ ವ್ಯಾಪಾರದವರೇ ಇರಬೇಕೆಂದುಕೊಂಡು. ಪ್ರಾಣೇಶನ ಎದೆ ಒಂದು ಕ್ಷಣ ಉಬ್ಬಿತು. ಆಮೇಲೆ ಬೀರುವಿನಿಂದ ತಂದ, ಸಂಬಳದ ಬಾಕಿಯಿದ್ದ ಕವರು ಪೂರ್ತಿ ಖಾಲಿಯಾಯಿತು.

ಕುಮುದಾಬಾಯಿ ಹೊಸ ಕಲ್ಲನ್ನು ಕಣ್ಣಿಗೊತ್ತಿಕೊಂಡು ಅರಿಶಿನದ ಬಟ್ಟೆಯಲ್ಲಿ ಕಟ್ಟಿದರು. ದೊಡ್ಡ ಮನಸ್ಸು ಮಾಡಿ, ಹಳೆಯದು ಹೊರಬಂದ ಮೇಲೆ ನೀವೇ ಇಟ್ಟುಕೊಳ್ಳಿ ಎಂದೂ ಹೇಳಿದರು. "ಗಂಡನ ಎಂಜಲು ಹೆಂಡತಿಗೆ ದೋಷ ಇಲ್ಲ," ಎಂದು ಹಣಮಂತರಾಯರು ಅದಕ್ಕೂ ಶಾಸ್ತ್ರ ಹೊಂದಿಸಿದರು. "ಸುಹಾಸಿನಿಬಾಯಿ ಮೂಗಿಗೆ ಅದ ಏರಲಿ. ನಷ್ಟ ಯಾರಿಗೂ ಇಲ್ಲ." ನೆರೆದವರೆಲ್ಲ ತಲೆದೂಗಿದರು.

ಮನೆಯ ಬಾಗಿಲು ಹಾಕಿಕೊಂಡ ಮೇಲೆ ಪ್ರಾಣೇಶ ಹೆಂಡತಿಯ ಖಾಲಿ ಮೂಗು ನೋಡಿದ. "ಅದೂ ಭಾಳ ಚೊಲೋ ಕಲ್ಲು," ಎಂದ ಮೆಲ್ಲಗೆ.

"ಎಕ್ಸ್‌ರೇದಾಗ ಅಷ್ಟು ಚಂದ ಕಂಡಾಗಲೇ ಗೊತ್ತಾತು ಬಿಡ್ರಿ," ಎಂದಳು ಸುಹಾಸಿನಿ. "ನೀವು ಆಫೀಸಿಗೆ ಹೋದ ಮ್ಯಾಲೆ ಆ ಹಾಳಿ ನಾನೂ ದಿನಾ ಓದೀನಿ. ನನ್ನ ಮೂಗಿಗೆ ಬರೋದು ನನಗ ಗೊತ್ತಿರಬ್ಯಾಡೇನು?"

ಪ್ರಾಣೇಶ ಕುರ್ಚಿಯಲ್ಲಿ ಕುಸಿದ. "ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ನಾಲ್ಕು ಮಂದಿಯೊಳಗ ನನ್ನ ಗಂಡನ ಮಾತು ಸುಳ್ಳಾಗೋದು ನನಗ ಬೇಕಿದ್ದಿಲ್ಲ."

ಇಂಥ ಹೆಂಡತಿ ಹೈದರಾಬಾದಿನಲ್ಲಿ ಇನ್ನೊಬ್ಬರಿಗಿಲ್ಲ ಎಂದು ಹೆಮ್ಮೆಯಿಂದ ಬೀಗಿದ. ಆಕೆ ಹಳೆಯ ಮುತ್ತನ್ನು ಮತ್ತೆ ಮೂಗಿಗೆ ತಿರುಪುತ್ತ ಮಾತು ಮುಗಿಸಿದಳು:

"ಆದ್ರ ನಕಲಿ ಕಲ್ಲು ನನ್ನ ಮೂಗಿಗೆ ಏರೂದಿಲ್ಲ. ಎರಡು ದಿನದ ಮ್ಯಾಲೆ ಅದನ್ನ ನೀವ ಹುಡುಕಿ, ನೀವ ತೊಳದು, ನೀವ ಉಂಗುರ ಮಾಡಿಸಿ ಹಾಕ್ಕೊಂಡು ಅಡ್ಡಾಡ್ರಿ. ಮಂದಿ ಕೇಳಿದ್ರ ನಾ ವಜ್ರ ಅಂತನ ಹೇಳ್ತೀನಿ."